ಸಿಗ್ನಲ್ ಇಲ್ಲದ ಕಡೆಯೂ ದಾರಿ ತೋರಿಸುವ, ನಮ್ಮ ಬೆನ್ನು ಹತ್ತದ ನಕ್ಷೆ ಆ್ಯಪ್ ಯಾವುದು?

ಕೆಎ11 ಪಂಪ್‌ಸೆಟ್:
ನಾನು ಮಂಡ್ಯದಲ್ಲಿ ಪಂಪ್‌ಸೆಟ್, ಬೋರ್‌ವೆಲ್ ಮೋಟರ್ ರಿಪೇರಿ ಮಾಡುವವನು. ಮಳವಳ್ಳಿ, ನಾಗಮಂಗಲ, ಕೆ.ಆರ್. ಪೇಟೆ ತಾಲ್ಲೂಕುಗಳ ತೋಟಗಳಿಗೆ ಬೈಕಿನಲ್ಲಿ ಓಡಾಟ. ಸಿಗ್ನಲ್ ಇರುವಷ್ಟು ದೂರ ನಕ್ಷೆ ಇರುತ್ತದೆ. ಹಲಗೂರು ದಾಟಿ ಮುತ್ತತ್ತಿ ಕಡೆಗೆ ಇಳಿದರೆ ಪರದೆ ಖಾಲಿ. ರೈತರು ದಾರಿ ಹೇಳುವ ರೀತಿ ನಿಮಗೆಲ್ಲ ಗೊತ್ತೇ ಇದೆ: ಅರಳಿಕಟ್ಟೆ ಹತ್ತಿರ ಎಡಕ್ಕೆ ತಿರುಗಿ, ಅಲ್ಲಿಂದ ಮುಂದೆ ಯಾರನ್ನು ಕೇಳಿದರೂ ಹೇಳುತ್ತಾರೆ. ಮಧ್ಯಾಹ್ನದ ಬಿಸಿಲಿನಲ್ಲಿ ಕೇಳಲು ಯಾರೂ ಇರುವುದಿಲ್ಲ.

ಇನ್ನೊಂದು ವಿಷಯ. ಯಾವ ದಿನ ಯಾವ ಊರಿನಲ್ಲಿ ಎಷ್ಟು ಹೊತ್ತು ಇದ್ದೆ ಎಂಬುದೆಲ್ಲ ನನ್ನ ಫೋನಿನಲ್ಲಿ ದಾಖಲಾಗಿದೆ ಎಂದು ಮಗಳು ತೆರೆದು ತೋರಿಸಿದಳು. ನನ್ನ ಲೆಕ್ಕದ ಪುಸ್ತಕದಲ್ಲಿಯೂ ಅಷ್ಟು ವಿವರ ಇಲ್ಲ. ಅದು ಯಾರಿಗೆ ಬೇಕಾಗಿದೆ?

ಫೋನ್ ಹಳೆಯದು, ಜಾಗ ಕಡಿಮೆ. ಊರ ಹೆಸರು ಕನ್ನಡದಲ್ಲಿ ಕಂಡರೆ ಒಳ್ಳೆಯದು. ತಿಳಿದವರು ಹೇಳಿ.

ನಕ್ಷೆ ಹುಚ್ಚು:
ಸರ್, ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ. ಇಂಟರ್ನೆಟ್ ಇಲ್ಲದೆ ಕೆಲಸ ಮಾಡಬೇಕು ಎನ್ನುವುದು ಒಂದು. ನೀವು ಎಲ್ಲಿದ್ದೀರಿ ಎಂಬುದು ಹೊರಗೆ ಹೋಗಬಾರದು ಎನ್ನುವುದು ಇನ್ನೊಂದು. ಎರಡೂ ಒಂದೇ ಎಂದು ಹಲವರು ತಿಳಿದಿದ್ದಾರೆ, ಅಲ್ಲ. ಗೂಗಲ್ ಮ್ಯಾಪ್ಸ್‌ನಲ್ಲಿಯೂ ಒಂದು ಪ್ರದೇಶದ ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಬಹುದು. ಆದರೆ ಸಂಪರ್ಕವಿಲ್ಲದಾಗ ಅದು ವಾಹನದ ದಾರಿ ಮಾತ್ರ ತೋರಿಸುತ್ತದೆ, ನಡಿಗೆ, ಸೈಕಲ್ ದಾರಿ ಸಿಗುವುದಿಲ್ಲ. ಸಿಗ್ನಲ್ ಮರಳಿದೊಡನೆ ಗೂಗಲ್ ಜೊತೆಗಿನ ಹಳೆಯ ಸಂಬಂಧವೂ ಮರಳುತ್ತದೆ.

ಮೊದಲು ಜಿಪಿಎಸ್ ವಿಷಯ. ಉಪಗ್ರಹಕ್ಕೆ ನೀವು ಎಲ್ಲಿದ್ದೀರಿ ಎಂಬುದು ಗೊತ್ತಿಲ್ಲ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಾ ಅದು ಸಮಯವನ್ನೂ ತನ್ನ ಸ್ಥಾನವನ್ನೂ ಪ್ರಸಾರ ಮಾಡುತ್ತದೆ ಅಷ್ಟೆ. ಕೇಳಿಸಿಕೊಳ್ಳುವುದು ನಿಮ್ಮ ಫೋನ್. ನಾಲ್ಕು ಉಪಗ್ರಹಗಳು ಕೇಳಿಸಿದರೆ ಫೋನು ತಾನೇ ಲೆಕ್ಕ ಹಾಕಿ ಸ್ಥಳ ಕಂಡುಕೊಳ್ಳುತ್ತದೆ. ನಮ್ಮ ಇಸ್ರೋದ ಸ್ಥಳಸೂಚಕ ಉಪಗ್ರಹ ವ್ಯವಸ್ಥೆ ನಾವಿಕ್ ಕೂಡ ಹೀಗೆಯೇ. ಇದಕ್ಕೆ ಸಿಮ್ ಕೂಡ ಬೇಡ. ಸ್ಥಳ ಸೋರಿಕೆಯಾಗುವುದು ಲೆಕ್ಕ ಮುಗಿದ ಮೇಲೆ, ಫೋನಿನೊಳಗಿನ ಆ್ಯಪ್‌ಗಳು ಆ ಉತ್ತರವನ್ನು ಎಲ್ಲಿಗೆ ಕಳುಹಿಸುತ್ತವೆ ಎಂಬಲ್ಲಿ.

ದಾರಿ ಹುಡುಕುವುದಕ್ಕೂ ದೂರದ ಕಂಪ್ಯೂಟರ್ ಬೇಕಿಲ್ಲ. ಕೂಡುರಸ್ತೆಗಳು ಬಿಂದುಗಳು, ರಸ್ತೆಗಳು ಅವುಗಳನ್ನು ಜೋಡಿಸುವ ಗೆರೆಗಳು. ಪ್ರತಿ ಗೆರೆಗೂ ಒಂದು ಉದ್ದ, ಒಂದು ವೇಗ. ಕರ್ನಾಟಕದ ಕಡತ ಫೋನಿನಲ್ಲಿದ್ದರೆ ನಾಗಮಂಗಲದಿಂದ ಮೇಲುಕೋಟೆಗೆ ಹತ್ತಿರದ ದಾರಿ ಯಾವುದು ಎಂಬುದನ್ನು ಫೋನೇ ಬಿಡಿಸುತ್ತದೆ. ನೀವು ಎಲ್ಲಿಗೆ ಹೊರಟಿದ್ದೀರಿ ಎಂದು ಹೊರಗಿನ ಯಾರನ್ನೂ ಕೇಳಬೇಕಾಗಿಲ್ಲ. ಇಂಟರ್ನೆಟ್ ಇಲ್ಲದ ನಕ್ಷೆಯಲ್ಲಿ ಗೋಪ್ಯತೆ ಇರುವುದು ಇಲ್ಲಿಯೇ.

ಆ್ಯಪ್‌ಗಳಿಗೆ ಬರುತ್ತೇನೆ. ಕೆಳಗಿನ ಮೂರಕ್ಕೂ ನಕ್ಷೆ ಒಂದೇ: 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಆರಂಭಿಸಿದ ಓಪನ್‌ಸ್ಟ್ರೀಟ್‌ಮ್ಯಾಪ್. ಯಾರು ಬೇಕಾದರೂ ಸೇರಿಸಬಹುದು, ತಿದ್ದಬಹುದು.

ಆರ್ಗ್ಯಾನಿಕ್ ಮ್ಯಾಪ್ಸ್: ಹಗುರ, ವೇಗ, ಜಾಹೀರಾತಿಲ್ಲ, ಖಾತೆ ತೆರೆಯಬೇಕಿಲ್ಲ. ಮ್ಯಾಪ್ಸ್.ಮೀ ಎಂಬ ಹಳೆಯ ಆ್ಯಪ್ ಕೈಯಿಂದ ಕೈಗೆ ಮಾರಾಟವಾದ ಮೇಲೆ ಅದನ್ನು ಕಟ್ಟಿದ್ದವರೇ 2021ರಲ್ಲಿ ಹೊರಗೆ ತಂದ ಕವಲು, ಅಂದರೆ ಅದೇ ತಂತ್ರಾಂಶದಿಂದ ಬೇರೆಯಾಗಿ ಬೆಳೆಸಿದ ಆ್ಯಪ್. 2025ರಲ್ಲಿ ಆ ಬಳಗದಲ್ಲಿಯೂ ಆಡಳಿತದ ಪಾರದರ್ಶಕತೆಯ ಬಗ್ಗೆ ಜಗಳವಾಗಿ ಕೋಮ್ಯಾಪ್ಸ್ ಎಂಬ ಇನ್ನೊಂದು ಕವಲು ಹುಟ್ಟಿತು. ಬಳಸುವವರಿಗೆ ಸದ್ಯಕ್ಕೆ ಎರಡೂ ಅಣ್ಣತಮ್ಮಂದಿರು. ಓಸ್ಮ್ಯಾಂಡ್: 2010ರಿಂದ ಇದೆ. ಸ್ವಲ್ಪ ಭಾರ, ಮೆನುಗಳ ಕಾಡು, ಆದರೆ ಏನು ಕೇಳಿದರೂ ಇದೆ. ಮೂರೂ ಮುಕ್ತ ತಂತ್ರಾಂಶಗಳು. ಒಳಗೆ ಏನು ನಡೆಯುತ್ತಿದೆ ಎಂದು ಬಲ್ಲವರು ತೆರೆದು ನೋಡಬಹುದು.

ಹಳೆಯ ಫೋನಿಗೆ ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಕೋಮ್ಯಾಪ್ಸ್. ಬೈಕ್ ದಾರಿ ಬೇಕಾದರೆ ಓಸ್ಮ್ಯಾಂಡ್, ಏಕೆಂದರೆ ಅದರಲ್ಲಿ ಮೋಟರ್ ಸೈಕಲ್‌ಗೆಂದೇ ಪ್ರತ್ಯೇಕ ವಿಧಾನವಿದೆ. ನಕ್ಷೆಯ ಭಾಷೆಯನ್ನೂ ಕನ್ನಡಕ್ಕೆ ಬದಲಿಸಬಹುದು; ಯಾರಾದರೂ ಕನ್ನಡದಲ್ಲಿ ಹೆಸರು ತುಂಬಿದ ಊರುಗಳು ಕನ್ನಡದಲ್ಲಿ ಕಾಣುತ್ತವೆ.

ಟ್ಯಾಕ್ಸಿ 09:
ಓದಲು ಚೆನ್ನಾಗಿದೆ ಸ್ವಾಮಿ. ಮೈಸೂರಿನಲ್ಲಿ ಬಾಡಿಗೆ ಕಾರು ಓಡಿಸುವವನಿಗೆ ಇದರಿಂದ ಹೊಟ್ಟೆ ತುಂಬುವುದಿಲ್ಲ. ಕೊಲಂಬಿಯಾ ಏಷ್ಯಾ ಜಂಕ್ಷನ್‌ನಲ್ಲಿ ವಾಹನ ನಿಂತಿದೆಯೋ ಇಲ್ಲವೋ ಎಂದು ನಿಮ್ಮ ಆರ್ಗ್ಯಾನಿಕ್ ಹೇಳುತ್ತದೆಯೇ? ದಸರಾ ಸಮಯದಲ್ಲಿ ಅರಮನೆ ಸುತ್ತಮುತ್ತ ದಿನಕ್ಕೊಂದು ಏಕಮುಖ ಸಂಚಾರ. ಜಂಬೂ ಸವಾರಿಯ ದಿನ ಸಯ್ಯಾಜಿರಾವ್ ರಸ್ತೆಯಿಂದ ಬನ್ನಿಮಂಟಪದವರೆಗೆ ಕಾರಿಗೆ ಜಾಗವೇ ಇಲ್ಲ. ಫೋನಿನಲ್ಲಿ ಒಣಗಿಸಿಟ್ಟ ನಕ್ಷೆಗೆ ಅದು ಹೇಗೆ ಗೊತ್ತಾಗಬೇಕು? ವಿಮಾನಕ್ಕೆ ಹೋಗುವ ಗಿರಾಕಿಗೆ ನನ್ನ ಗೋಪ್ಯತೆ ಕಟ್ಟಿಕೊಂಡು ಏನಾಗಬೇಕು, ಅವನಿಗೆ ಸಮಯಕ್ಕೆ ತಲುಪಬೇಕು.

ನಕ್ಷೆ ಹುಚ್ಚು:
ಟ್ಯಾಕ್ಸಿಯವರ ಮಾತು ನೂರಕ್ಕೆ ನೂರು ಸರಿ, ಅದಕ್ಕೆ ಮದ್ದಿಲ್ಲ. ಟ್ರಾಫಿಕ್‌ನ ಆ ಕೆಂಪು ಗೆರೆ ಹುಟ್ಟುವುದೇ ರಸ್ತೆಯ ಮೇಲಿರುವ ಸಾವಿರಾರು ಫೋನುಗಳು ತಾವು ಎಲ್ಲಿದ್ದೇವೆ, ಎಷ್ಟು ನಿಧಾನ ಚಲಿಸುತ್ತಿದ್ದೇವೆ ಎಂದು ಹೇಳುತ್ತಲೇ ಇರುವುದರಿಂದ. ನಿಮ್ಮ ಫೋನ್ ಸುಮ್ಮನಿದ್ದರೆ ಆ ಗೆರೆಗೆ ನಿಮ್ಮ ಕೊಡುಗೆ ಇಲ್ಲ. ಎಲ್ಲರೂ ಸುಮ್ಮನಿದ್ದರೆ ಗೆರೆಯೇ ಇಲ್ಲ. ಬಾಡಿಗೆ ಇರುವಾಗ ಗೂಗಲ್ ಬಳಸಿ, ಮನೆಗೆ ಹೋಗುವಾಗ ಆರ್ಗ್ಯಾನಿಕ್. ಎರಡು ಆ್ಯಪ್ ಇಟ್ಟುಕೊಳ್ಳಬಾರದು ಎಂಬ ವ್ರತವೇನೂ ಇಲ್ಲ.

ಗಣಿತದ ಮೇಡಂ:
ನಾನು ಕುವೆಂಪುನಗರದವಳು, ಪದವಿಪೂರ್ವ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಇಲ್ಲಿ ಎಲ್ಲರೂ ಗೋಪ್ಯತೆ ಎಂದೊಡನೆ ದೊಡ್ಡ ಕಂಪನಿಗಳ ಕಡೆಗೆ ಬೆರಳು ತೋರಿಸುತ್ತಾರೆ. ನನ್ನ ವಿದ್ಯಾರ್ಥಿನಿಯರ ಭಯ ಬೇರೆ. ಅಣ್ಣ, ಮಾವ, ಮದುವೆ ಗೊತ್ತಾದ ಹುಡುಗ ಇವರಲ್ಲಿ ಒಬ್ಬರು ಫೋನಿನಲ್ಲಿ ಸ್ಥಳ ಹಂಚಿಕೆ ಚಾಲೂ ಮಾಡಿಟ್ಟಿರುತ್ತಾರೆ; ಗ್ರಂಥಾಲಯದಿಂದ ಹೊರಟು ದೇವರಾಜ ಅರಸು ರಸ್ತೆಯಲ್ಲಿ ಗೆಳತಿಯ ಜೊತೆ ಐಸ್‌ಕ್ರೀಂ ತಿಂದರೆ ಸಂಜೆ ಮನೆಯಲ್ಲಿ ವಿಚಾರಣೆ. ನೀವು ಹೇಳುವ ಆ್ಯಪ್ ಹಾಕಿಕೊಂಡರೂ ಆ ಹಂಚಿಕೆ ಹಿಂದೆ ಓಡುತ್ತಲೇ ಇರುತ್ತದೆ. ಕುಟುಂಬದ ಸುರಕ್ಷತೆಗೆಂದು ಮಾರುವ ಆ್ಯಪ್‌ಗಳೂ ಸಾಚಾ ಅಲ್ಲ: ಲೈಫ್360 ಎಂಬ ಆ್ಯಪ್ ತನ್ನ ಬಳಕೆದಾರರ ಸ್ಥಳದ ಮಾಹಿತಿಯನ್ನು ದತ್ತಾಂಶ ದಲ್ಲಾಳಿಗಳಿಗೆ ಮಾರುತ್ತಿತ್ತು ಎಂದು 2021ರ ಡಿಸೆಂಬರ್‌ನಲ್ಲಿ ಅಮೆರಿಕದ ದಿ ಮಾರ್ಕಪ್ ಪತ್ರಿಕೆ ವರದಿ ಮಾಡಿತ್ತು. ಮಗುವಿನ ಸುರಕ್ಷತೆಗೆಂದು ಕೊಂಡದ್ದು ಮಾರುಕಟ್ಟೆಗೆ ಹೋಯಿತು.

ಆದ್ದರಿಂದ ಹೊಸ ಆ್ಯಪ್ ಹಾಕುವ ಮೊದಲು ಹಳೆಯದನ್ನು ಜಾಲಾಡಿ. ಸೆಟ್ಟಿಂಗ್ಸ್‌ನಲ್ಲಿ ಸ್ಥಳದ ಅನುಮತಿ ಯಾವ ಯಾವ ಆ್ಯಪ್‌ಗೆ ಕೊಟ್ಟಿದ್ದೀರಿ ನೋಡಿ. ಟಾರ್ಚ್ ಆ್ಯಪ್‌ಗೆ ನೀವು ಎಲ್ಲಿದ್ದೀರಿ ಎಂದು ಏಕೆ ಗೊತ್ತಿರಬೇಕು? ಬಳಸುವಾಗ ಮಾತ್ರ ಎಂಬ ಆಯ್ಕೆ ಇದೆ. ಆಂಡ್ರಾಯ್ಡ್ 12ರಿಂದ ನಿಖರ ಸ್ಥಳದ ಬದಲು ಅಂದಾಜು ಸ್ಥಳ ಕೊಡುವ ಆಯ್ಕೆಯೂ ಇದೆ. ಹವಾಮಾನ ನೋಡಲು ಅಂದಾಜು ಸಾಕು.

ನಿವೃತ್ತ ವಕೀಲ:
ಮೇಡಂ ಹೇಳಿದ್ದಕ್ಕೆ ಒಂದೆರಡು ಮಾತು ಸೇರಿಸುತ್ತೇನೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯ್ದೆಯೂ ಬಂದಿತು.

ಆದರೆ ಯಾರೂ ಅತಿಯಾಗಿ ಹಿಗ್ಗಬೇಡಿ. ಫೋನ್ ಚಾಲೂ ಇದ್ದು ಸಿಮ್ ಒಳಗಿದ್ದರೆ ನೀವು ಯಾವ ಟವರಿನ ವ್ಯಾಪ್ತಿಯಲ್ಲಿದ್ದೀರಿ ಎಂಬುದು ದೂರಸಂಪರ್ಕ ಕಂಪನಿಗೆ ಗೊತ್ತಿರುತ್ತದೆ. ಕರೆ ವಿವರದ ದಾಖಲೆಗಳನ್ನು ಕನಿಷ್ಠ ಎರಡು ವರ್ಷ ಇಟ್ಟುಕೊಳ್ಳಬೇಕೆಂದು ಪರವಾನಗಿಯ ನಿಯಮವನ್ನು 2021ರ ಡಿಸೆಂಬರ್‌ನಲ್ಲಿ ಬದಲಿಸಲಾಗಿದೆ. ನಕ್ಷೆಯ ಆ್ಯಪ್ ಬದಲಿಸಿದರೆ ಒಂದು ಕಿಟಕಿ ಮುಚ್ಚುತ್ತದೆ, ಮನೆಯೆಲ್ಲ ಅಲ್ಲ.

ಟ್ಯಾಕ್ಸಿ 09:
ಅಂದ ಮೇಲೆ ಇಷ್ಟೆಲ್ಲ ಕಷ್ಟ ಏಕೆ? ಕಳ್ಳತನ ಮಾಡದವನು ಹೆದರಬೇಕಾಗಿಲ್ಲ.

ಕೆಎ11 ಪಂಪ್‌ಸೆಟ್:
ಹೆದರಿಕೆಯ ವಿಷಯ ಅಲ್ಲ ಅಣ್ಣ. ನಾನು ಒಂದು ತೋಟಕ್ಕೆ ಪದೇ ಪದೇ ಹೋದರೆ ಅಲ್ಲಿ ಬೋರ್ ಕೈಕೊಟ್ಟಿದೆ ಎಂದು ಅರ್ಥ. ಅದು ಆ ರೈತನ ಸಂಗತಿ. ಸಾಲ ಕೊಡುವವನು, ಜಮೀನು ಕೊಳ್ಳಲು ಕಾದಿರುವವನು, ನನ್ನಂತೆಯೇ ಮೋಟರ್ ಮಾರುವ ಇನ್ನೊಬ್ಬ, ಇವರಿಗೆಲ್ಲ ಅದು ಬೆಲೆಯುಳ್ಳ ಸುದ್ದಿ. ನನ್ನದಲ್ಲದ ಗುಟ್ಟನ್ನು ನನ್ನ ಫೋನ್ ಹಂಚುವುದು ನನಗೆ ಇಷ್ಟವಿಲ್ಲ.

ಓಸ್ಮ್ಯಾಂಡ್ ಹಾಕಿಕೊಂಡೆ. ಬಸ್ ನಿಲ್ದಾಣದ ಹತ್ತಿರ ಮಗಳ ವೈಫೈಯಲ್ಲಿ ಕರ್ನಾಟಕ ಇಳಿಸಿಕೊಂಡೆ. ಮೊದಲ ಸಲ ತೆರೆದಾಗ ನಾನಿರುವ ಜಾಗ ಹುಡುಕಲು ಬಹಳ ಹೊತ್ತು ತೆಗೆದುಕೊಂಡಿತು. ಅದೇಕೆ?

ನಕ್ಷೆ ಹುಚ್ಚು:
ಉಪಗ್ರಹ ತನ್ನ ಸ್ಥಾನದ ವಿವರವನ್ನು ಸೆಕೆಂಡಿಗೆ ಕೇವಲ 50 ಬಿಟ್ ವೇಗದಲ್ಲಿ ಕಳುಹಿಸುತ್ತದೆ. ಒಂದು ಸುತ್ತು ಪೂರ್ತಿಯಾಗಲು 30 ಸೆಕೆಂಡು ಬೇಕು. ಡೇಟಾ ಚಾಲೂ ಇದ್ದಾಗ ಫೋನು ಆ ವಿವರವನ್ನು ಇಂಟರ್ನೆಟ್‌ನಿಂದ ಬೇಗ ತಂದುಕೊಳ್ಳುತ್ತದೆ, ಇಲ್ಲದಿದ್ದರೆ ಆಕಾಶದಿಂದಲೇ ಕೇಳಿಸಿಕೊಳ್ಳಬೇಕು. ಮನೆಯೊಳಗೆ ನಿಂತು ನೋಡಬೇಡಿ, ಬಯಲಿಗೆ ಬಂದು ಒಂದೆರಡು ನಿಮಿಷ ತಾಳಿ. ಬೇಗ ಆಗಲಿ ಎಂದು ಆಂಡ್ರಾಯ್ಡ್‌ನಲ್ಲಿ ಸ್ಥಳದ ನಿಖರತೆ ಹೆಚ್ಚಿಸುವ ಗೂಗಲ್‌ನ ಸೇವೆ ಚಾಲೂ ಮಾಡಿದರೆ ಸುತ್ತಲಿನ ವೈಫೈ, ಟವರುಗಳ ವಿವರ ಅದರ ಕಡೆಗೆ ಹೋಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಬಹುದು; ಆಗ ಜಿಪಿಎಸ್ ಮಾತ್ರ ಉಳಿಯುತ್ತದೆ.

ಸ್ಥಳದ ಇತಿಹಾಸವನ್ನೂ ಪ್ರತ್ಯೇಕವಾಗಿ ಅಳಿಸಿ. ಇತಿಹಾಸ ಎಂಬ ಒಂದು ಗುಂಡಿ ಆಫ್ ಮಾಡಿದರೂ ವೆಬ್ ಮತ್ತು ಆ್ಯಪ್ ಚಟುವಟಿಕೆ ಎಂಬ ಇನ್ನೊಂದು ಗುಂಡಿಯ ಮೂಲಕ ಗೂಗಲ್ ಸ್ಥಳವನ್ನು ಉಳಿಸಿಕೊಳ್ಳುತ್ತಿತ್ತು ಎಂದು 2018ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಬಯಲಿಗೆಳೆದಿತ್ತು. ಅದರ ಮೇಲೆ ಅಮೆರಿಕದ 40 ರಾಜ್ಯಗಳ ಜೊತೆ 2022ರ ನವೆಂಬರ್‌ನಲ್ಲಿ 39.15 ಕೋಟಿ ಡಾಲರಿಗೆ ರಾಜಿಯಾಯಿತು. ಎರಡೂ ಗುಂಡಿ ನೋಡಿ.

ಕೆಎ11 ಪಂಪ್‌ಸೆಟ್:
ಆಯಿತು. ಈಗ ಹುಡುಕಾಟದ ಕಷ್ಟ. ಹೊಸಹಳ್ಳಿ ಎಂದು ಹಾಕಿದರೆ ಹೊಸಹಳ್ಳಿಗಳ ಸಾಲೇ ಬರುತ್ತದೆ. ಕೊಪ್ಪಲು ಎಂದರೆ ಇನ್ನೂ ಕೆಟ್ಟದು. ನಕ್ಷೆಯಲ್ಲಿ ಇಂಗ್ಲಿಷಿನಲ್ಲಿ ಒಬ್ಬರು ಒಂದು ರೀತಿ, ಇನ್ನೊಬ್ಬರು ಇನ್ನೊಂದು ರೀತಿ ಬರೆದಿದ್ದಾರೆ. ಮಾದೇಗೌಡರ ತೋಟ ಎಂಬುದಂತೂ ಯಾವ ನಕ್ಷೆಯಲ್ಲಿಯೂ ಇಲ್ಲ, ನನಗೆ ಬೇಕಾಗಿರುವುದು ಅದೇ.

ಸೈಕಲ್ ಸವಾರ:
ಹೆಸರನ್ನು ಬಿಟ್ಟುಬಿಡಿ, ಅಕ್ಷಾಂಶ ರೇಖಾಂಶ ತರಿಸಿಕೊಳ್ಳಿ. ರೈತ ತನ್ನ ಫೋನಿನಲ್ಲಿ ತೋಟದ ಮನೆಯ ಮುಂದೆ ನಿಂತು ಸ್ಥಳದ ಸಂಕೇತ ತೆಗೆದು ಮೆಸೇಜ್ ಮಾಡಿದರೆ ಸಾಕು. ಅಕ್ಷಾಂಶ ರೇಖಾಂಶವನ್ನು ಚಿಕ್ಕದಾಗಿ ಬರೆಯುವ ಪ್ಲಸ್ ಕೋಡ್ ಎಂಬ ಸಂಕೇತವನ್ನು ಓಸ್ಮ್ಯಾಂಡ್, ಆರ್ಗ್ಯಾನಿಕ್ ಎರಡೂ ಹುಡುಕುವ ಜಾಗದಲ್ಲಿ ಒಪ್ಪಿಕೊಳ್ಳುತ್ತವೆ. 2025ರಲ್ಲಿ ಅಂಚೆ ಇಲಾಖೆ ಐಐಟಿ ಹೈದರಾಬಾದ್ ಮತ್ತು ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಜೊತೆ ಸೇರಿ ಡಿಜಿಪಿನ್ ತಂದಿದೆ: ದೇಶವನ್ನೆಲ್ಲ ಸುಮಾರು 4 ಮೀಟರ್ ಉದ್ದಗಲದ ಚೌಕಗಳಾಗಿ ಮಾಡಿ ಪ್ರತಿ ಚೌಕಕ್ಕೂ ಹತ್ತು ಅಕ್ಷರ ಅಂಕಿಗಳ ಸಂಕೇತ. ಅದರಲ್ಲಿ ಮನೆಯವರ ಹೆಸರಿಲ್ಲ, ಜಾಗ ಮಾತ್ರ. ಬೋರಿನ ಪೆಟ್ಟಿಗೆಯ ಮೇಲೆ ಬಣ್ಣದಲ್ಲಿ ಬರೆಸಿಬಿಟ್ಟರೆ ಮುಂದಿನ ಸಲ ಯಾರನ್ನೂ ಕೇಳಬೇಕಾಗಿಲ್ಲ.

ಗಿರಾಕಿಗಳ ತೋಟಗಳನ್ನು ನಿಮ್ಮ ಆ್ಯಪ್‌ನೊಳಗೇ ನೆಚ್ಚಿನ ಜಾಗಗಳೆಂದು ಗುರುತು ಹಾಕಿಡಿ. ಅದು ಫೋನಿನಲ್ಲಿಯೇ ಉಳಿಯುತ್ತದೆ. ಫೋನ್ ಕಳೆದರೆ ಅದೂ ಹೋಗುತ್ತದೆ, ಆಗಾಗ ಪ್ರತಿ ತೆಗೆದಿಡಿ.

ಪಾಂಡವಪುರ ಕಬ್ಬು:
ಒಂದು ಎಚ್ಚರಿಕೆ. ಈ ನಕ್ಷೆಗಳು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಏರಿಯ ಮೇಲಿನ ದಾರಿಯನ್ನೂ ರಸ್ತೆ ಎಂದೇ ತೋರಿಸಬಹುದು. ಹತ್ತಿರದ ದಾರಿ ಅದೇ ಆಗಿರುತ್ತದೆ, ನಿಜ. 2018ರ ನವೆಂಬರ್ 24ರಂದು ನಮ್ಮ ಕನಗನಮರಡಿಯ ಹತ್ತಿರ ಬಸ್ ನಾಲೆಗೆ ಬಿದ್ದು 30 ಜನ ಸತ್ತರು, ಅದರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ತಡೆಗೋಡೆ ಇದೆಯೋ ಇಲ್ಲವೋ, ನೀರು ತುಂಬಿ ಹರಿಯುತ್ತಿದೆಯೋ ಎಂದು ಆ್ಯಪ್ ನೋಡಿ ಹೇಳುವುದಿಲ್ಲ. ಕತ್ತಲಾದ ಮೇಲೆ ಹೊಸಬರು ಏರಿ ಹತ್ತಬೇಡಿ, ಸುತ್ತಿ ಬನ್ನಿ. ಕಬ್ಬು ಅರೆಯುವ ಕಾಲದಲ್ಲಿ ಹಿಂದೆ ಕೆಂಪು ದೀಪವಿಲ್ಲದೆ ಬರುವ ಟ್ರ್ಯಾಕ್ಟರುಗಳು ಬೇರೆ.

ನಕ್ಷೆ ಹುಚ್ಚು:
ಇದು ಬಹಳ ಮುಖ್ಯವಾದ ಮಾತು. ಡಾಂಬರು ಇಲ್ಲದ ರಸ್ತೆ ಬೇಡ ಎಂಬ ಆಯ್ಕೆ ಓಸ್ಮ್ಯಾಂಡ್, ಆರ್ಗ್ಯಾನಿಕ್ ಎರಡೂ ಆ್ಯಪ್‌ಗಳಲ್ಲಿದೆ, ಆನ್ ಮಾಡಿ. ಆದರೆ ಆ ರಸ್ತೆ ಮಣ್ಣಿನದು ಎಂದು ಯಾರಾದರೂ ನಕ್ಷೆಯಲ್ಲಿ ಗುರುತಿಸಿದ್ದರೆ ಮಾತ್ರ ಅದಕ್ಕೆ ಗೊತ್ತಾಗುತ್ತದೆ.

ಇಂಥದ್ದೇ ಇನ್ನೊಂದು: ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಆರ್ಗ್ಯಾನಿಕ್‌ನಲ್ಲಿ ಬೈಕ್ ವಿಧಾನ ಇಲ್ಲದ್ದರಿಂದ ಕಾರಿನ ದಾರಿ ಕೇಳಿದರೆ ಅದು ನಿಮ್ಮನ್ನು ನೇರವಾಗಿ ಅಲ್ಲಿಗೇ ಹತ್ತಿಸಬಹುದು. ಮದ್ದೂರಿಗೆ ಹೊರಟ ಬೈಕಿನವರು ಟೋಲ್ ಬೇಡ ಎಂಬ ಆಯ್ಕೆ ಹಾಕಿ, ಫಲಕ ನೋಡಿ ಸರ್ವಿಸ್ ರಸ್ತೆ ಹಿಡಿಯಿರಿ. ಗುಂಡ್ಲುಪೇಟೆಯಿಂದ ವಯನಾಡಿನ ಕಡೆಗೆ ಬಂಡೀಪುರದೊಳಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. ಅಲ್ಲಿಯೂ ಆ್ಯಪ್‌ಗಿಂತ ಚೆಕ್‌ಪೋಸ್ಟಿನ ಗೇಟು ದೊಡ್ಡದು.

ಡಿಪ್ಲೊಮಾ ಹುಡುಗ:
ಸರ್, ನಮ್ಮ ಊರು ನಾಗಮಂಗಲದ ಹತ್ತಿರ. ನಕ್ಷೆಯಲ್ಲಿ ಒಂದೇ ಒಂದು ಗೆರೆ ಇದೆ, ಅದೂ ಕೆರೆಯ ಮೇಲೆ ಹಾದುಹೋಗುತ್ತದೆ. ನಾನು ತಿದ್ದಬಹುದೇ? ಗೂಗಲ್‌ನಲ್ಲಿ ಸರಿಯಾಗಿದೆ, ಅದನ್ನು ನೋಡಿ ಬರೆದರೆ ಆಯಿತಲ್ಲ?

ನಕ್ಷೆ ಹುಚ್ಚು:
ತಿದ್ದಲೇಬೇಕು. ಆದರೆ ಗೂಗಲ್ ನೋಡಿ ನಕಲು ಮಾಡಬೇಡಿ. ಅದು ಅವರ ಹಕ್ಕಿನ ದತ್ತಾಂಶ, ಸಿಕ್ಕಿಬಿದ್ದರೆ ನೀವು ಸೇರಿಸಿದ್ದನ್ನೆಲ್ಲ ಅಳಿಸುತ್ತಾರೆ. ಊರಲ್ಲಿ ನಡೆದು, ಕಣ್ಣಾರೆ ಕಂಡದ್ದನ್ನು ಹಾಕಿ. ಆರಂಭಕ್ಕೆ ಸ್ಟ್ರೀಟ್‌ಕಂಪ್ಲೀಟ್ ಒಳ್ಳೆಯದು: ನೀವು ನಿಂತಿರುವ ರಸ್ತೆ ಡಾಂಬರೋ ಮಣ್ಣೋ, ಈ ಶಾಲೆಯ ಹೆಸರೇನು ಎಂದು ಅದೇ ಪ್ರಶ್ನೆ ಕೇಳುತ್ತದೆ, ಉತ್ತರಿಸಿದರೆ ನಕ್ಷೆಗೆ ಸೇರುತ್ತದೆ. ಹೊಸ ಗೆರೆ ಎಳೆಯುವುದು, ಕೆರೆಯ ಮೇಲಿನ ರಸ್ತೆಯನ್ನು ಸರಿಸುವುದು ಇವಕ್ಕೆ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಜಾಲತಾಣದಲ್ಲಿರುವ ತಿದ್ದುವ ಸಾಧನ ಬಳಸಿ. ಊರಿನ ಹೆಸರನ್ನು ಕನ್ನಡದಲ್ಲಿ ತುಂಬಲು ಪ್ರತ್ಯೇಕ ಜಾಗ ಇದೆ, ಮರೆಯಬೇಡಿ.

ಗಣಿತದ ಮೇಡಂ:
ಇದರಲ್ಲಿಯೂ ಒಂದು ಸೂಕ್ಷ್ಮ ಇದೆ, ಯಾರೂ ಹೇಳಲಿಲ್ಲ. ನೀವು ನಕ್ಷೆ ತಿದ್ದಿದಾಗ ನಿಮ್ಮ ಬಳಕೆದಾರ ಹೆಸರು, ತಿದ್ದಿದ ಜಾಗ, ದಿನಾಂಕ, ಗಂಟೆ ಎಲ್ಲವೂ ಜಗತ್ತಿಗೆ ಕಾಣುತ್ತದೆ. ಯಾರೂ ಹಿಂಬಾಲಿಸಬಾರದು ಎಂದು ಆ್ಯಪ್ ಬದಲಿಸಿ, ಆಮೇಲೆ ಮನೆಯ ಸುತ್ತಲಿನ ಪ್ರತಿ ಗಲ್ಲಿಯನ್ನೂ ಸ್ವಂತ ಹೆಸರಿನಲ್ಲಿ ತಿದ್ದುತ್ತಾ ಕೂತರೆ ನಿಮ್ಮ ಮನೆ ಎಲ್ಲಿದೆ ಎಂದು ಹೇಳಿಕೊಟ್ಟಂತೆಯೇ. 2017ರ ನವೆಂಬರ್‌ನಲ್ಲಿ ಸ್ಟ್ರಾವಾ ಎಂಬ ವ್ಯಾಯಾಮದ ಆ್ಯಪ್ ಪ್ರಕಟಿಸಿದ ನಕ್ಷೆಯಲ್ಲಿ ಸೈನಿಕರು ಓಡಿದ ಜಾಡುಗಳಿಂದ ಸೇನಾ ನೆಲೆಗಳ ಆಕಾರವೇ ಮೂಡಿತ್ತು. ಬೇರೆ ಹೆಸರಿನಲ್ಲಿ ಖಾತೆ ತೆರೆಯಿರಿ. ನಡೆದ ಜಾಡನ್ನು ಜಾಲಕ್ಕೆ ಏರಿಸುವುದಾದರೆ ಮನೆ ಬಾಗಿಲಿನಿಂದ ಆರಂಭಿಸಬೇಡಿ, ಊರ ಮುಂದಿನ ಬಸ್ ನಿಲ್ದಾಣದಿಂದ ಆರಂಭಿಸಿ. ಹುಡುಗಿಯರ ಹಾಸ್ಟೆಲಿನ ಸುತ್ತಲಿನ ಸೂಕ್ಷ್ಮ ವಿವರಗಳನ್ನು ಸೇರಿಸಲು ಹೋಗಬೇಡಿ.

ನಕ್ಷೆ ಹುಚ್ಚು:
ಮೇಡಂ ಹೇಳಿದ ಈ ಮಾತನ್ನು ಚರ್ಚೆಯ ಮೇಲ್ಭಾಗದಲ್ಲಿ ಹಾಕಬೇಕು. ನನ್ನ ಹಳೆಯ ತಿದ್ದುಪಡಿಗಳನ್ನು ನೋಡಿದರೆ ನಾನು ಯಾವ ಬೀದಿಯವನು ಎಂದು ಯಾರು ಬೇಕಾದರೂ ಊಹಿಸಬಹುದು. ನನಗೆ ಅದರಿಂದ ತೊಂದರೆಯಿಲ್ಲ, ಎಲ್ಲರಿಗೂ ಹಾಗಿರಬೇಕಾಗಿಲ್ಲ.

ಟ್ಯಾಕ್ಸಿ 09:
ನಾನೂ ಆರ್ಗ್ಯಾನಿಕ್ ಹಾಕಿ ನೋಡಿದೆ. ಹೆಗ್ಗಡದೇವನಕೋಟೆ ದಾಟಿ ಅಂತರಸಂತೆಯ ಕಡೆ ಒಂದು ರೆಸಾರ್ಟಿಗೆ ಬಾಡಿಗೆ ಇತ್ತು, ಸಿಗ್ನಲ್ ಹೋದರೂ ದಾರಿ ತಪ್ಪಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಅಗ್ರಹಾರದಲ್ಲಿ ಒಂದು ಮನೆ ನಂಬರ್ ಹುಡುಕಲು ಹೋದರೆ ಕೈ ಎತ್ತಿತು. ಊರೊಳಗೆ ಹಳೆಯದೇ, ಕಾಡಿನ ಕಡೆ ಇದು.

ಕೆಎ11 ಪಂಪ್‌ಸೆಟ್:
ಕೊನೆಯ ಪ್ರಶ್ನೆ, ಬ್ಯಾಟರಿ. ಮಧ್ಯಾಹ್ನದೊಳಗೆ ಫೋನ್ ಸತ್ತುಹೋಗುತ್ತದೆ. ಏರೋಪ್ಲೇನ್ ಮೋಡ್ ಹಾಕಿದರೆ ಉಳಿಯುತ್ತದೆ ಎನ್ನುತ್ತಾರೆ, ಆದರೆ ಆಗ ಗಿರಾಕಿಗಳ ಕರೆ ಬರುವುದಿಲ್ಲ.

ಸೈಕಲ್ ಸವಾರ:
ಏರೋಪ್ಲೇನ್ ಮೋಡ್ ಬೇಡ, ಮೊಬೈಲ್ ಡೇಟಾ ಮಾತ್ರ ಆಫ್ ಮಾಡಿ. ಕರೆ ಬರುತ್ತದೆ, ನಕ್ಷೆ ನಡೆಯುತ್ತದೆ. ಫೋನು ಹೊಸದಾಗಿದ್ದು ಕರೆಗಳು 4ಜಿ ಮೂಲಕ ಬರುತ್ತಿದ್ದರೂ ಡೇಟಾ ಆಫ್ ಮಾಡಿದ್ದಕ್ಕೆ ಅವು ನಿಲ್ಲುವುದಿಲ್ಲ. ಬ್ಯಾಟರಿ ತಿನ್ನುವುದು ಹೆಚ್ಚಾಗಿ ಪರದೆ. ಓಸ್ಮ್ಯಾಂಡ್‌ನ ಪರದೆ ನಿಯಂತ್ರಣದಲ್ಲಿ ತಿರುವು ಬಂದಾಗ ಮಾತ್ರ ಬೆಳಗುವಂತೆ ಮಾಡುವ ಆಯ್ಕೆ ಇದೆ. ನೇರ ರಸ್ತೆಯಲ್ಲಿ ಫೋನ್ ಜೇಬಿನಲ್ಲಿಯೇ ಇರಲಿ.

ಕೆಎ11 ಪಂಪ್‌ಸೆಟ್:
ಸಿಕ್ಕಿತು. ನಾಳೆ ಬೆಳ್ಳೂರಿನ ಕಡೆ ಕೆಲಸ ಇದೆ, ಅಲ್ಲಿನ ರೈತರಿಗೆ ಡಿಜಿಪಿನ್ ಕಳುಹಿಸಿ ಎಂದು ಹೇಳಿದ್ದೇನೆ. ಪಿನ್ ಎಂದೊಡನೆ ಬ್ಯಾಂಕಿನದ್ದು ಎಂದು ತಿಳಿದು ಒಬ್ಬರು ಫೋನ್ ಇಟ್ಟುಬಿಟ್ಟರು.